ಎಂಟಿಂಚಿನ ಒಂದೇ ಕೋನೋ, ಟಾಕೀಸಿನ ಹಾರ್ನೋ?

ಪ್ರಶ್ನೆ (ಸೋಮವಾರಪೇಟೆ ಕಡೆಯ ಸದಸ್ಯರು):
ಅಣ್ಣಾ, ನಮ್ಮ ಅಟ್ಟದಲ್ಲಿ ತಾತನ ಕಾಲದ ರೇಡಿಯೋಗ್ರಾಂ (ರೇಡಿಯೋ, ರೆಕಾರ್ಡ್ ಪ್ಲೇಯರ್ ಎರಡೂ ಇರುವ ಪೆಟ್ಟಿಗೆ) ಇತ್ತು. ಪೆಟ್ಟಿಗೆಯನ್ನು ಗೆದ್ದಲು ತಿಂದು ಮುಗಿಸಿದೆ. ಒಳಗಿನ ಎರಡು ಎಂಟಿಂಚಿನ ಫಿಲಿಪ್ಸ್ ಸ್ಪೀಕರ್‌ಗಳು ಮಾತ್ರ ಗಟ್ಟಿಯಾಗಿವೆ; ಬೆನ್ನಿನ ಮೇಲೆ 9710 ಎಂದಿದೆ, ಕೋನ್‌ನ ನಡುವೆ ಇನ್ನೊಂದು ಪುಟ್ಟ ಕಾಗದದ ಕೋನ್ ಇದೆ. ಈಗ ಮುಚ್ಚಿಹೋದ ಟಾಕೀಸೊಂದರ ಆಲ್ಟೆಕ್ ಎ-7 ಹಾರ್ನ್ ಸ್ಪೀಕರ್‌ಗಳ ಜೋಡಿ ಮಾರಾಟಕ್ಕೆ ಬಂದಿದೆ. ಹೋಗಿ ಕೇಳಿದೆ. ವಾಲಗದ ರೆಕಾರ್ಡಿಂಗ್ ಹಾಕಿದಾಗ ಮೈ ಜುಮ್ಮೆಂದಿತು. ಮನೆಗೆ ಬಂದು ಫಿಲಿಪ್ಸ್‌ನಲ್ಲಿ ಅದನ್ನೇ ಹಾಕಿದರೆ ಸಪ್ಪೆ. ಕಾಫಿ ಮಾರಿದ ದುಡ್ಡು ಕೈಯಲ್ಲಿದೆ, ಹಾಲ್ 14 ಅಡಿಗೆ 12 ಅಡಿ. ಕೊಳ್ಳಲೇ?

ಉತ್ತರ (ಮಡಿಕೇರಿಯ ಸ್ಪೀಕರ್ ರಿಪೇರಿಯವರು):
ಮೈ ಜುಮ್ಮೆಂದಿದ್ದನ್ನು ಸ್ವಲ್ಪ ಬದಿಗಿಡಿ. ಎ-7 ಒಂದೇ ವ್ಯಾಟ್‌ಗೆ 100 ಡೆಸಿಬಲ್ ದಾಟುತ್ತದೆ. ವಾಲ್ಯೂಮ್ ಗುಂಡಿ ಒಂದೇ ಜಾಗದಲ್ಲಿದ್ದರೆ ಅದೇ ಗಟ್ಟಿಯಾಗಿ ಕೇಳುತ್ತದೆ, ಗಟ್ಟಿಯಾಗಿ ಕೇಳಿದ್ದೇ ನಮ್ಮ ಕಿವಿಗೆ ಚೆಂದ. ಬರೀ 6 ಡೆಸಿಬಲ್ ಅಂತರವನ್ನು ಸರಿದೂಗಿಸಲು ಇನ್ನೊಂದಕ್ಕೆ ನಾಲ್ಕು ಪಟ್ಟು ವ್ಯಾಟ್ ಕೊಡಬೇಕು. ಮೊಬೈಲಿನಲ್ಲಿ ಸದ್ದಳೆಯುವ ಆ್ಯಪ್ ಹಾಕಿಕೊಂಡು, ಕೂರುವ ಜಾಗದಲ್ಲಿ ಎರಡಕ್ಕೂ ಒಂದೇ ಅಂಕಿ ಬರುವಂತೆ ಗುಂಡಿ ತಿರುಗಿಸಿ. ಹೋಲಿಕೆ ಆಮೇಲೆ.

ಟಾಕೀಸಿಗೆ ಹಾರ್ನ್ ಬಂದದ್ದು ಬಡತನದಿಂದ. 1920ರ ದಶಕದ ಕೊನೆಯಲ್ಲಿ ಮಾತಿನ ಸಿನಿಮಾ ಬಂದಾಗ ಆಂಪ್ಲಿಫೈಯರ್‌ಗೆ ಇದ್ದದ್ದು ಕೆಲವೇ ವ್ಯಾಟ್ ತ್ರಾಣ. ಅಷ್ಟರಲ್ಲಿ ಥಿಯೇಟರಿನ ಕೊನೆಯ ಸಾಲಿಗೂ ಕೇಳಿಸಬೇಕಿತ್ತು. ಎ-7 ಸೇರಿದ ಆಲ್ಟೆಕ್ ಸರಣಿ 1945ರಲ್ಲಿ ಶುರುವಾದದ್ದೂ ಥಿಯೇಟರಿಗಾಗಿಯೇ. ಹಾರ್ನ್‌ನ ಹಿಂದಿನ ಚಿಕ್ಕ ಡಯಾಫ್ರಾಮ್ (ಅದುರುವ ತೆಳು ಪೊರೆ) ಕೂದಲೆಳೆಯಷ್ಟು ಅಲುಗಿದರೆ ಸಾಕು, ದುಡಿ ವಾದ್ಯದ ಪೆಟ್ಟು ಕೋಣೆಯೊಳಗೆ ಬಂದು ಬೀಳುತ್ತದೆ. ಆ ನಿರಾಯಾಸ ಎಂಟಿಂಚಿನ ಕಾಗದಕ್ಕೆ ಬಾರದು.

ಆದರೆ ಎ-7 ಸ್ವರವನ್ನು 500 ಅಥವಾ 800 ಹರ್ಟ್ಜ್‌ನಲ್ಲಿ ಎರಡಾಗಿ ಸೀಳುತ್ತದೆ. ಅದು ಮನುಷ್ಯನ ದನಿಯ ನಟ್ಟನಡುವೆ. ಕೆಳಗಿನ ಹದಿನೈದು ಇಂಚಿನ ಸ್ಪೀಕರ್‌ನಿಂದ ಎದೆಯ ದನಿ, ಮೇಲಿನ ಹಾರ್ನ್‌ನಿಂದ ನಾಲಿಗೆಯ ದನಿ. ಇವೆರಡೂ ಒಂದಾಗಲು ಹನ್ನೆರಡು ಅಡಿಯಾದರೂ ದೂರ ಬೇಕು. ನಿಮ್ಮ ಹಾಲ್‌ನಲ್ಲಿ ಎರಡಡಿ ಆಳದ ಪೆಟ್ಟಿಗೆ ಇಟ್ಟು ಕುರ್ಚಿಯನ್ನು ಗೋಡೆಗೆ ಒತ್ತಿದರೂ ಅಷ್ಟು ಸಿಗುವುದು ಕಷ್ಟ. ಹಾಡುವವರ ತಲೆ ಒಂದು ಕಡೆ, ಮುಂಡ ಒಂದು ಕಡೆ! 9710ರಲ್ಲಿ ಈ ಜಗಳವೇ ಇಲ್ಲ. ದನಿ ಪೂರ್ತಿ ಒಂದೇ ಜಾಗದಿಂದ ಬರುತ್ತದೆ. ಏಳೆಂಟು ಅಡಿಯಲ್ಲಿ ಕೂತರೆ ಹಾಡುವವರು ಎದುರಿಗೇ ಇದ್ದಂತೆ. ಆ ಕೋಣೆಗೆ ನನ್ನ ಮತ ಇದಕ್ಕೇ.

ಪ್ರಶ್ನೆ (ವಿರಾಜಪೇಟೆಯ ಇನ್ನೊಬ್ಬರು):
ಕ್ಷಮಿಸಿ ಸಾರ್, ಈ ಒಂಟಿ ಕೋನ್‌ಗಳಲ್ಲಿ ತಳದ ಸದ್ದೇ ಇರುವುದಿಲ್ಲ. ಮೇಲಿಂದ ಕಿರುಚಾಟ ಬೇರೆ.

ಉತ್ತರ:
ನಿಮ್ಮ ಮಾತು ಅರ್ಧ ನಿಜ. ಆ ಪುಟ್ಟ ಕೋನ್ ಮೇಲಿನ ಸ್ವರಗಳನ್ನು ಟಾರ್ಚ್ ಬೆಳಕಿನಂತೆ ನೇರ ಮುಂದಕ್ಕೆ ಎಸೆಯುತ್ತದೆ. ನೇರ ಕಿವಿಗೆ ಗುರಿಯಿಟ್ಟರೆ ಚುಚ್ಚುತ್ತದೆ, ಸ್ವಲ್ಪ ಓರೆ ಮಾಡಿದರೆ ತಣ್ಣಗಾಗುತ್ತದೆ. ತಳದ ಸದ್ದು ಇಲ್ಲವೆಂದರೆ ಸಾಮಾನ್ಯವಾಗಿ ಸ್ಪೀಕರ್ ಮೇಜಿನ ಮೇಲೆ ಬೆತ್ತಲೆಯಾಗಿ ಕೂತಿರುತ್ತದೆ. ಹಿಂದಿನ ಗಾಳಿ ಮುಂದಿನದನ್ನು ನುಂಗುತ್ತದೆ. ಮೂರಡಿ ಅಗಲದ ದಪ್ಪ ಪ್ಲೈವುಡ್ ಹಲಗೆಗೆ ತೂತು ಕೊರೆದು, ನಡುವಿನಿಂದ ತುಸು ಸರಿಸಿ ಕೂರಿಸಿ. ಸೋಮವಾರಪೇಟೆಯವರ ‘ಸಪ್ಪೆ’ಗೂ ಇದೇ ಕಾರಣ ಇರಬೇಕು. ಎದೆಗೆ ಗುದ್ದುವ ಸದ್ದು ಇದರಿಂದ ಬರುವುದಿಲ್ಲ, ಒಪ್ಪುತ್ತೇನೆ. ಕಕ್ಕಡ ತಿಂಗಳ ಮಳೆ ಹೆಂಚಿನ ಮೇಲೆ ಹೊಯ್ಯುವಾಗ ಇದು ಸೋಲುವುದೂ ಖಂಡಿತ. ಆಗ ಹಾರ್ನ್ ಇದ್ದವನೇ ಅರಸ.

ಪ್ರಶ್ನೆ (ಸೋಮವಾರಪೇಟೆ):
ಅಣ್ಣಾ, ಮೇಜಿನ ಮೇಲೆಯೇ ಇಟ್ಟಿದ್ದೆ, ನಿಜ. ಆದರೂ ಎ-7 ಆಸೆ ಬಿಡುತ್ತಿಲ್ಲ. ಕಾಫಿ ಗೋಡೌನಿನಲ್ಲಿ ಮೂವತ್ತು ಅಡಿ ಉದ್ದದ ಜಾಗವಿದೆ.

ಉತ್ತರ:
ಇದನ್ನು ಮೊದಲೇ ಹೇಳಬಾರದಿತ್ತೇ! ಅಲ್ಲಾದರೆ ಕೊಳ್ಳಿ. ದುಡ್ಡು ಎಣಿಸುವ ಮುನ್ನ ಡ್ರೈವರ್ (ಹಾರ್ನ್‌ನ ಹಿಂದೆ ಸದ್ದು ಹುಟ್ಟಿಸುವ ಭಾಗ) ಬಿಚ್ಚಿಸಿ ಹಾರ್ನ್‌ನ ಗಂಟಲಿಗೆ ಟಾರ್ಚ್ ಬಿಡಿ. ಹಿಂದೊಮ್ಮೆ ನನ್ನ ಬಳಿ ಬಂದ ಹಾರ್ನ್ ಒಂದು ನೆಗಡಿ ಹಿಡಿದವರಂತೆ ಮಾತಾಡುತ್ತಿತ್ತು. ಬಿಚ್ಚಿದರೆ ಗಂಟಲಿನಲ್ಲಿ ಕುಂಬಾರ ಹುಳುವಿನ ಮಣ್ಣಿನ ಗೂಡು, ಅಡಿಕೆಯಷ್ಟು ದಪ್ಪ. ಮಾಲೀಕರು ಅಷ್ಟರಲ್ಲಿ ಎರಡು ಆಂಪ್ಲಿಫೈಯರ್ ಬದಲಿಸಿದ್ದರು. ಗೋಡೌನಿನ ತೇವಕ್ಕೆ ಕೋನ್ ಕಾಗದ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ದಿನಕ್ಕೊಂದು ಗಂಟೆ ಹಾಡಿಸಿ.

9710ಕ್ಕೆ ಮೀಟರ್ ಹಿಡಿದಿರಾ? ಅದರಲ್ಲಿ 800 ಓಮ್‌ನದೂ ಬರುತ್ತಿತ್ತು. ಅದು ಹಳೆಯ ವಾಲ್ವ್ ಸೆಟ್‌ಗೆ ಹೊರತು ಈಗಿನ ಆಂಪ್ಲಿಫೈಯರ್‌ಗೆ ಒಗ್ಗುವುದಿಲ್ಲ.

ಪ್ರಶ್ನೆ (ಸೋಮವಾರಪೇಟೆ):
ಈಗ ಹಿಡಿದೆ. ಎರಡೂ ಐದಾರು ಓಮ್ ತೋರಿಸುತ್ತಿವೆ. ಒಂದರ ಅಂಚಿನಲ್ಲಿ ಕೂದಲಿನಂಥ ಬಿರುಕಿದೆ.

ಉತ್ತರ:
ಐದಾರು ಓಮ್ ಆದರೆ ಮಾಮೂಲಿ ಆಂಪ್ಲಿಫೈಯರ್ ಸಾಕು. ಬಿರುಕಿಗೆ ಫೆವಿಕ್ವಿಕ್ ಮಾತ್ರ ಸುರಿಯಬೇಡಿ, ಕಾಗದ ಕಲ್ಲಾಗುತ್ತದೆ. ಶನಿವಾರ ತನ್ನಿ, ತೆಳು ಟಿಶ್ಯೂ ಹಚ್ಚಿ ಕೊಡುತ್ತೇನೆ. ಜೀಪಿನಲ್ಲಿ ತರುವಾಗ ಎರಡರ ನಡುವೆ ಕಂಬಳಿ ಇರಲಿ. ಸ್ಪ್ಯಾನರ್, ಕತ್ತಿ ಏನೂ ಹತ್ತಿರ ಬೇಡ. ಮ್ಯಾಗ್ನೆಟ್ ಎಳೆದುಕೊಂಡರೆ ಕೋನ್ ಹೋಯಿತೆಂದೇ ಲೆಕ್ಕ.