ಇಂಟೀರಿಯರ್ ಡಿಸೈನರ್ ನಮ್ಮ ದಿನಚರಿ ಕೇಳಲೇ ಇಲ್ಲ, ನಾವೇ ಹೇಳಬೇಕಿತ್ತಾ?

ಹೊಸಮನೆ:
ಬೆಂಗಳೂರಿನ ಜೆ.ಪಿ. ನಗರದ ಕಡೆ 3 ಬೆಡ್‌ರೂಮ್ ಫ್ಲಾಟ್ ತಗೊಂಡಿದ್ದೇವೆ. ಮುಂದಿನ ತಿಂಗಳು ಕೀ ಸಿಗುತ್ತದೆ. ನಾನು, ನಮ್ಮವರು, 8 ವರ್ಷದ ಮಗಳು, ಮಂಡಿನೋವಿನ ಅತ್ತೆ. ಮೊನ್ನೆ ಡಿಸೈನರ್ ಜೊತೆ ಮೊದಲ ಮೀಟಿಂಗ್ ಆಯಿತು. ಬಜೆಟ್ ಎಷ್ಟು, ಯಾವ ಬಣ್ಣ, ಗ್ಲಾಸಿ ಬೇಕಾ ಮ್ಯಾಟ್ ಬೇಕಾ, ಇಷ್ಟೇ ಕೇಳಿದ್ದು. ಆಮೇಲೆ ಥ್ರೀಡಿ ಚಿತ್ರ ಕಳಿಸಿದರು. ನೋಡೋಕೆ ಚೆಂದ ಇದೆ, ಆದರೆ ಅಡುಗೆಮನೆಯಲ್ಲಿ ಗ್ರೈಂಡರ್‌ಗೆ ಜಾಗವೇ ಇಲ್ಲ, ದೇವರ ಮನೆ ಅಂತ ಟಿವಿ ಪಕ್ಕ ಒಂದು ಗೂಡು ಮಾಡಿದ್ದಾರೆ, ಅತ್ತೆ ದಿನಾ ಮುಕ್ಕಾಲು ಗಂಟೆ ಕೂತು ಪೂಜೆ ಮಾಡುವವರು. ಡಿಸೈನರೇ ಇದನ್ನೆಲ್ಲ ಕೇಳಬೇಕಿತ್ತಲ್ವಾ?

ಮೈಸೂರು ಮರಗೆಲಸ:
ಖಂಡಿತ ಕೇಳಬೇಕಿತ್ತು. ನಾನು 11 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಮೊದಲ ಭೇಟಿಗೆ ಕೆಲಸ ಕೊಡುವವರು ಈಗ ಇರುವ ಮನೆಗೇ ಹೋಗುತ್ತೇನೆ, ಆದಷ್ಟು ಬೆಳಿಗ್ಗೆ 7ರಿಂದ 9ರ ಒಳಗೆ, ಯಾಕೆಂದರೆ ತಿಂಡಿ, ಡಬ್ಬಿ, ಸ್ಕೂಲ್ ಬ್ಯಾಗು, ಸ್ನಾನದ ಸರದಿ ಎಲ್ಲ ಒಟ್ಟಿಗೆ ನಡೆಯುವ ಹೊತ್ತು ಅದು. ಮನೆ ಒಪ್ಪ ಮಾಡಬೇಡಿ, ಹೇಗಿದೆಯೋ ಹಾಗೇ ಬಿಡಿ ಅಂತ ಮೊದಲೇ ಹೇಳಿರುತ್ತೇನೆ. ಕುರ್ಚಿ ಮೇಲೆ ಬಟ್ಟೆ ರಾಶಿ ಇತ್ತು ಅಂದುಕೊಳ್ಳಿ. ಒಮ್ಮೆ ಹಾಕಿ ಇನ್ನೂ ಒಗೆಯೋಕೆ ಹಾಕದ ಬಟ್ಟೆ ಅದು. ಹೊಸ ಮನೆಯಲ್ಲಿ ಅದಕ್ಕೆ ನಾಲ್ಕು ಕೊಕ್ಕೆ ಬೇಕು. ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಚಾರ್ಜರ್ ಇದ್ದರೆ ಅಲ್ಲೇ ಪ್ಲಗ್ ಪಾಯಿಂಟ್ ಬೇಕು.

ನಿಮಗೇನು ಬೇಕು ಅಂತ ಕೇಳಿದರೆ ಎಲ್ಲರೂ ಮೊಬೈಲ್ ತೆಗೆದು ಫೋಟೋ ತೋರಿಸುತ್ತಾರೆ. ನಿನ್ನೆ ಎದ್ದಾಗಿನಿಂದ ಏನೇನು ಮಾಡಿದಿರಿ ಅಂತ ಕೇಳಿದರೆ ಗ್ರೈಂಡರ್, ಇಡ್ಲಿ ಪಾತ್ರೆ, ಮಳೆಗಾಲದಲ್ಲಿ ಒಣಗದ ಬಟ್ಟೆ ಎಲ್ಲ ತಾನಾಗೇ ಬಾಯಿಗೆ ಬರುತ್ತದೆ. ಹಬ್ಬದ ವಿಷಯವನ್ನೂ ಕೇಳುತ್ತೇನೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ದಸರಾ ಗೊಂಬೆಗಳದೇ ಎರಡು ಟ್ರಂಕು ಇರುತ್ತವೆ. ವರ್ಷಕ್ಕೊಮ್ಮೆ ಇಳಿಸುವ ಟ್ರಂಕಿಗೆ ಅಟ್ಟ ಎಷ್ಟು ಆಳ ಬೇಕು ಅಂತ ಅಳೆದೇ ನೋಡಬೇಕು.

ಕಾಫಿ ಫಿಲ್ಟರ್:
ಅಡುಗೆ ಮಾಡುವವರು ಯಾರು, ಎಷ್ಟು ಎತ್ತರ ಅಂತ ನಮ್ಮ ಡಿಸೈನರ್ ಕೇಳಲಿಲ್ಲ. ಕಟ್ಟೆ 36 ಇಂಚು ಮಾಡಿಬಿಟ್ಟರು. ಅಮ್ಮ 4 ಅಡಿ 10 ಇಂಚು. ಚಪಾತಿ ಲಟ್ಟಿಸಿದರೆ ಭುಜ ಹಿಡಿದುಕೊಳ್ಳುತ್ತದೆ, ಈಗ ಮಣೆ ಹಾಕಿಕೊಂಡು ಅದರ ಮೇಲೆ ನಿಂತು ಮಾಡುತ್ತಾರೆ. ದಿನಾ ನೋಡುವಾಗ ಹೊಟ್ಟೆ ಉರಿಯುತ್ತದೆ. ಮೊಣಕೈಗಿಂತ ಸುಮಾರು 4 ಇಂಚು ಕೆಳಗೆ ಕಟ್ಟೆ ಇರಬೇಕಂತೆ, ಅಮ್ಮನಿಗೆ 32 ಸಾಕಿತ್ತು. ಗ್ರಾನೈಟ್ ಕೂರಿಸಿದ ಮೇಲೆ ಗೊತ್ತಾಗಿ ಏನು ಮಾಡೋದು?

ಸಂಜೆಮಲ್ಲಿಗೆ:
ಅತ್ತೆಯನ್ನು ಮೀಟಿಂಗಿಗೆ ಕೂರಿಸಿಕೊಳ್ಳಿ. ದುಡ್ಡು ಕೊಡುವವರು ಮಾತಾಡುತ್ತಾರೆ, ಜಾಸ್ತಿ ಹೊತ್ತು ಮನೆಯಲ್ಲೇ ಇರುವವರು ಸುಮ್ನೆ ಕೂತಿರುತ್ತಾರೆ. ರಾತ್ರಿ ಎದ್ದರೆ ಸ್ವಿಚ್ ಕೈಗೆ ಸಿಗಬೇಕಾ, ಬಾತ್‌ರೂಮಿನಲ್ಲಿ ಹಿಡಿಕೆ ಎಲ್ಲಿ ಬೇಕು, ಅವರನ್ನೇ ಕೇಳಲಿ. ಪಾತ್ರೆ ತೊಳೆಯಲು ಬರುವವರನ್ನೂ ಒಂದು ಮಾತು ಕೇಳಿ, ಯುಟಿಲಿಟಿಯಲ್ಲಿ ನಿಲ್ಲುವವರು ಅವರೇ.

ಹೊಸಮನೆ:
ಎಲ್ಲರಿಗೂ ಥ್ಯಾಂಕ್ಸ್. ಡಿಸೈನರ್‌ಗೆ ಫೋನ್ ಮಾಡಿದೆ, ಶನಿವಾರ ಬೆಳಿಗ್ಗೆ ಏಳೂವರೆಗೆ ಈಗಿನ ಮನೆಗೇ ಬರಲು ಒಪ್ಪಿದರು. ಅತ್ತೆಯನ್ನು ಕೇಳಿದರೆ, ನೆಲದಲ್ಲಿ ಕೂತರೆ ಏಳೋಕೆ ಆಗಲ್ಲ, ಪೂಜೆಗೆ ಒಂದು ಗಟ್ಟಿ ಸ್ಟೂಲ್ ಇಡುವಷ್ಟು ಜಾಗ ಸಾಕು ಅಂದರು. ನಾಲ್ಕು ವರ್ಷದಿಂದ ಜೊತೆಗಿದ್ದೇವೆ, ಈ ಮಾತು ಅವರ ಬಾಯಲ್ಲಿ ಇವತ್ತೇ ಕೇಳಿದ್ದು.