ಸೆಲ್ಫ್ ರೆಫರೆನ್ಷಿಯಲ್ ಸ್ಟ್ರಕ್ಚರ್‌ಗೆ ಕನ್ನಡದಲ್ಲಿ ಏನನ್ನೋಣ? (ಸ್ವಲ್ಪ ಅರ್ಜೆಂಟು)

ಸಿ ಪ್ರೋಗ್ರಾಮಿಂಗ್ ಭಾಷೆಯ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಬೆಳಿಗ್ಗೆ ಕಳಿಸಬೇಕು. ಈ ಪದದ ಹತ್ತಿರ ಗಾಡಿ ನಿಂತಿದೆ. ಕೋಡ್ ಹೀಗಿದೆ: 'ಸ್ಟ್ರಕ್ಟ್ ನೋಡ್' (ಸ್ಟ್ರಕ್ಟ್ ಅಂದ್ರೆ ಸ್ಟ್ರಕ್ಚರ್, ಹಲವು ಮಾಹಿತಿಗಳನ್ನು ಒಂದೇ ಹೆಸರಿನಡಿ ಸೇರಿಸಿದ್ದು; ನೋಡ್ ಅಂದ್ರೆ ಪಟ್ಟಿಯ ಒಂದು ಕೊಂಡಿ), ಅದರೊಳಗೆ 'ಇಂಟ್ ಡೇಟಾ', ಕೆಳಗಿನ ಸಾಲಿನಲ್ಲಿ ಮತ್ತೆ 'ಸ್ಟ್ರಕ್ಟ್ ನೋಡ್ *ನೆಕ್ಸ್ಟ್'. 'ಸ್ವಯಂ ಉಲ್ಲೇಖಿತ ರಚನೆ' ಅಂತ ಬರೆದೆ, ಓದಿದ ಗೆಳೆಯ ಇದೇನು ತಾಮ್ರಪಟವಾ ಅಂದ. 'ತನ್ಸೂಚಿ' ನಡೆಯುತ್ತಾ? (ನೋಡ್ ಅಂತ ಬರೆದರೆ 'ನೋಡೋ ಮಾರಾಯ' ಅಂದ ಹಾಗೆ ಕೇಳುತ್ತೆ, ಅದು ಬೇರೆ ತಲೆನೋವು.)

---

> ತನ್ಸೂಚಿ

ನಡೆಯಲ್ಲ. 'ತನ್' ಕನ್ನಡ, 'ಸೂಚಿ' ಸಂಸ್ಕೃತ. ಹೀಗೆ ಬೆರೆಸಿದರೆ ಅರಿಸಮಾಸ. ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲೇ ಬೇಡ ಅಂದಿದ್ದಾನೆ. 'ತನ್ದೋರುಗ' ಅನ್ನಿ. ತಕಾರಕ್ಕೆ ದಕಾರ, ಕಣ್ದೆರೆ ಇದ್ದ ಹಾಗೆ. ಮುಗೀತು.

---

'ಮಳೆಮಾಪಕ' ಅನ್ನುವಾಗ ಯಾರೂ ಕೇಶಿರಾಜನ ಅಪ್ಪಣೆ ಕೇಳಲಿಲ್ಲ. ಅದಿರಲಿ, ಮೊದಲು ಅರ್ಥ ಸರಿಯಾಗಲಿ. ಆ ನೋಡ್ ತನ್ನನ್ನೇ ತೋರಿಸುತ್ತಿಲ್ಲ, ತನ್ನಂಥ ಇನ್ನೊಂದನ್ನು ತೋರಿಸುತ್ತಿದೆ. ತನ್ನೊಳಗೆ ತನ್ನನ್ನೇ ಇಟ್ಟುಕೊಂಡರೆ ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಅಳತೆಗೆ ಕೊನೆಯೇ ಇಲ್ಲ, ಕೋಡನ್ನು ಯಂತ್ರಭಾಷೆಗೆ ತಿರುಗಿಸೋ ಕಂಪೈಲರ್ ಅಲ್ಲೇ ಬಾಗಿಲು ಹಾಕುತ್ತೆ. ಪಾಯಿಂಟರ್ (ಇನ್ನೊಂದರ ವಿಳಾಸವನ್ನಷ್ಟೇ ಇಟ್ಟುಕೊಳ್ಳೋದು) ಆದರೆ ಎದುರಿಗಿರೋದು ಎಷ್ಟೇ ದೊಡ್ಡದಿರಲಿ, ಪಾಯಿಂಟರಿನ ಅಳತೆ ಮೊದಲೇ ಗೊತ್ತು: 64 ಬಿಟ್ ಯಂತ್ರದಲ್ಲಿ ಸಾಮಾನ್ಯವಾಗಿ 8 ಬೈಟ್. ಆ ಒಂದು ನಕ್ಷತ್ರ ಚಿಹ್ನೆ ಮಾಡೋ ಕೆಲಸ ಇದು. ಒಂದೇ ನೋಡ್ ಇರುವ ಸುತ್ತುಪಟ್ಟಿಯಲ್ಲಿ (ಕೊನೆಯದು ಮತ್ತೆ ಮೊದಲನೆಯದನ್ನೇ ತೋರೋ ಪಟ್ಟಿ) ನೆಕ್ಸ್ಟ್ ನಿಜವಾಗಿಯೂ ತನ್ನನ್ನೇ ತೋರಿಸುತ್ತೆ, ಅದು ಅಪರೂಪ. 'ಸೆಲ್ಫ್' ಅನ್ನೋದು ಟೈಪಿನ ಹೆಸರಿಗೆ ಸೇರಿದ್ದು, ವಸ್ತುವಿಗಲ್ಲ. ಇಂಗ್ಲಿಷಿನ ಪದವೇ ಸ್ವಲ್ಪ ದಾರಿ ತಪ್ಪಿಸುತ್ತೆ, ನಾವ್ಯಾಕೆ ಹಿಂದೆ ಹೋಗಬೇಕು? ತನ್ನ, ತನ್ನಂಥ, ಎರಡೂ ನಮ್ಮಲ್ಲಿ ಬೇರೆ ಬೇರೆ ಇವೆಯಲ್ವಾ. 'ತನ್ನಂಥದ್ದನ್ನು ತೋರುವ ಸ್ಟ್ರಕ್ಚರ್' ಅಂತ ಒಮ್ಮೆ ಹೇಳಿ, ಮುಂದೆ ಸುಮ್ನೆ ಸ್ಟ್ರಕ್ಚರ್ ಅನ್ನಿ.

---

ಸ್ಟ್ರಕ್ಚರ್ ಅಂತೆ! ಹಾಗಾದರೆ ಇಡೀ ಪಾಠ ಇಂಗ್ಲಿಷಿನಲ್ಲೇ ಇರಲಿ, ಕೊನೆಗೊಂದು 'ಆಗಿದೆ' ಅಂಟಿಸಿ. 'ಕಟ್ಟು' ಇರಲಿಲ್ವಾ?

---

ಕಾಗದದ ಕಟ್ಟಾ, ಸೌದೆ ಕಟ್ಟಾ? ಓದುವವರು ಕೊನೆಗೆ ಟೈಪ್ ಮಾಡಬೇಕಾದ್ದು ಸ್ಟ್ರಕ್ಟ್ ಅಂತಲೇ. ನೀವು ಕಟ್ಟು ಅಂದ ಮಾತ್ರಕ್ಕೆ ಕಂಪೈಲರ್ ಕನ್ನಡ ಕಲಿಯಲ್ಲ. ಅಂದಹಾಗೆ 'ಕಾಗದ'ವೂ ನಮ್ಮದಲ್ಲ, ಪಾರಸಿಯಿಂದ ಬಂದದ್ದು.

---

'ತನ್ನಂಥದ್ದನ್ನು ತೋರುವ ಸ್ಟ್ರಕ್ಚರ್' ಹಾಕಿ ಕಳಿಸಿಬಿಟ್ಟೆ. ಪಟ್ಟಿಯ ಕೊನೆಗೆ ಬರೋ, ಮುಂದೇನೂ ಇಲ್ಲ ಅಂತ ಹೇಳೋ ನಲ್‌ಗೆ 'ಬರಿದು' ಅಂದಿದ್ದೇನೆ. ಅದರ ಜಗಳ ನಾಳೆ ಇಟ್ಟುಕೊಳ್ಳೋಣ.