ಹಳೇ ಮರದ ಮೋಟಾರ್ ಬೋಟ್ ಕೊಳ್ಳುವ ಮುಂಚೆ: ಹೊಳಪು ಆಮೇಲೆ, ಮೊದಲು ತಳ ನೋಡಿ

ಪ್ರಶ್ನೆ (ಗ್ರ್ಯಾಂಡ್ ರಾಪಿಡ್ಸ್, ಮಿಷಿಗನ್):

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದ ಕಡೆಯವರು, ಈಗ ಮಿಷಿಗನ್‌ನಲ್ಲಿದ್ದೇವೆ. ಪಕ್ಕದ ಊರಿನ ಅಜ್ಜ ಒಬ್ಬರು ತಮ್ಮ 1955ರ ಕ್ರಿಸ್‌ಕ್ರಾಫ್ಟ್ ಬೋಟ್ ಮಾರುತ್ತಾರಂತೆ. 17 ಅಡಿಯ ಸ್ಪೋರ್ಟ್ಸ್‌ಮನ್ ಮಾಡೆಲ್, ಮಹಾಗನಿ ಮರದ್ದು. ತುಂಬಾ ವರ್ಷದಿಂದ ಶೆಡ್ಡಿನಲ್ಲಿ ಟ್ರೇಲರ್ ಮೇಲೇ ನಿಂತಿದೆ. ಮೇಲ್ಗಡೆ ವಾರ್ನಿಷ್ ಫಳಫಳ ಅಂತಿದೆ. ಎಂಜಿನ್ ಆರು ಸಿಲಿಂಡರಿನ ಕೆ ಮಾಡೆಲ್. ಕೈಯಲ್ಲಿ ತಿರುಗಿಸಿದರೆ ತಿರುಗುತ್ತೆ ಅಂದರು. ನನಗೆ ಸ್ವಲ್ಪ ಮರಗೆಲಸ ಬರುತ್ತೆ, ಬೋಟಿನ ಬಗ್ಗೆ ಏನೂ ಗೊತ್ತಿಲ್ಲ. ಗುಂಪಿನಲ್ಲಿ ಬೋಟ್ ದುರಸ್ತಿಯನ್ನೇ ಕಸುಬು ಮಾಡಿಕೊಂಡವರು ಇದ್ದೀರಲ್ಲ, ಕೊಳ್ಳುವ ಮುಂಚೆ ಏನು ನೋಡಬೇಕು, ಎಲ್ಲಿಂದ ಶುರು ಮಾಡಬೇಕು ಹೇಳ್ತೀರಾ ಸರ್?

ಉತ್ತರ (ಬೋಟ್ ದುರಸ್ತಿ ಮಾಡುವವರು, ಉತ್ತರ ಮಿಷಿಗನ್, ಊರು ಕುಂದಾಪುರದ ಕಡೆ):

ದುಡ್ಡು ಕೊಡುವ ಮುಂಚೆ ಕೇಳಿದಿರಿ, ಬಹಳ ಒಳ್ಳೆಯದಾಯ್ತು. ಹೆಚ್ಚಿನವರು ಕೊಂಡ ಮೇಲೆ ಕೇಳ್ತಾರೆ.

ಮೊದಲು ಆ ವಾರ್ನಿಷ್ ಮರೆತುಬಿಡಿ. ಒಂದು ಟಾರ್ಚ್, ಒಂದು ದಬ್ಬಣ, ಒಂದು ಸ್ಕ್ರೂಡ್ರೈವರ್ ತಗೊಂಡು ಬೋಟಿನ ಅಡಿಗೆ ಹೋಗಿ ಮಲಗಿ. ಅದರ ನಿಜವಾದ ಬೆಲೆ ಇರೋದು ಅಲ್ಲಿ.

ಆ ಕಾಲದ ಕ್ರಿಸ್‌ಕ್ರಾಫ್ಟ್‌ಗಳ ತಳ ಸಾಮಾನ್ಯವಾಗಿ ಎರಡು ಪದರದ್ದು. ಒಳಗೆ ತೆಳು ಹಲಗೆ, ಹೊರಗೆ ಉದ್ದುದ್ದ ಮಹಾಗನಿ ಹಲಗೆ, ನಡುವೆ ನೀರು ಬಿಡದ ಹಾಗೆ ಮೇಣದಂಥ ಅಂಟು ಬಳಿದ ಕ್ಯಾನ್ವಾಸ್ ಬಟ್ಟೆ. ಇಷ್ಟನ್ನೂ ಓಕ್ ಮರದ ಚೌಕಟ್ಟಿಗೆ ಸ್ಕ್ರೂ ಹೊಡೆದು ಬಿಗಿದಿರುತ್ತಾರೆ. ಹೊಸದರಲ್ಲಿ ಬಹಳ ಗಟ್ಟಿ ಕೆಲಸ ಅದು. ಆದರೆ 70 ವರ್ಷ ಆಯ್ತು ನೋಡಿ. ಆ ಬಟ್ಟೆ ನೀರು ಹಿಡಿದಿಟ್ಟುಕೊಳ್ಳುತ್ತೆ, ಎರಡು ಹಲಗೆಗಳ ನಡುವೆ ಕೊಳೆಯುತ್ತೆ, ಹೊರಗಿನಿಂದ ಏನೂ ಕಾಣಲ್ಲ.

ದಬ್ಬಣದಿಂದ ಚುಚ್ಚಿ ನೋಡಬೇಕಾದ ಜಾಗಗಳು: ಹಿಂದಿನ ಹಲಗೆಯ ಕೆಳಗಿನ ಎರಡು ಮೂಲೆ, ಪಕ್ಕವೂ ತಳವೂ ಸೇರುವ ಅಂಚು, ಬೋಟಿನ ಮೂಗಿನ (ಮುಂತುದಿಯ) ಬುಡ, ಎಂಜಿನ್ ಕೆಳಗಿನ ಚೌಕಟ್ಟು. ಮಾರುವವರನ್ನು ಕೇಳಿಯೇ ಚುಚ್ಚಿ. ಗಟ್ಟಿ ಮರದಲ್ಲಿ ದಬ್ಬಣ ಅಲ್ಲೇ ನಿಲ್ಲುತ್ತೆ. ಕೊಳೆತ ಮರದಲ್ಲಿ ಸುಮ್ನೆ ಒಳಗೆ ಹೋಗುತ್ತೆ, ಎಳೆದಾಗ ಒದ್ದೆ ಪುಡಿ ಬರುತ್ತೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ಕೇಳಿ. ಒಳ್ಳೇ ಮರ ಟಣ್ ಅನ್ನುತ್ತೆ, ಕೆಟ್ಟದ್ದು ಡಬ್ ಅನ್ನುತ್ತೆ. ಇನ್ನೊಂದು ವಿಷಯ: ಇಂಥ ಬೋಟನ್ನು ಕೊಳೆಸೋದು ಕೆರೆಯ ನೀರಿಗಿಂತ ಜಾಸ್ತಿ ಮಳೆ ನೀರು. ಮೇಲಿನಿಂದ ಸೋರಿ ಮೂಲೆಯಲ್ಲಿ ನಿಂತುಬಿಡುತ್ತೆ.

ಆಮೇಲೆ ಸ್ಕ್ರೂ. ಸ್ಕ್ರೂ ತಲೆಯ ಮೇಲೆ ಪುಟ್ಟ ಮರದ ಬಿರಡೆ ಕೂರಿಸಿರುತ್ತಾರೆ. ಸಾಲಾಗಿ ಆ ಬಿರಡೆಗಳು ಮೇಲೆದ್ದಿದ್ದರೆ ಸ್ಕ್ರೂ ಹಿಡಿತ ಬಿಟ್ಟಿದೆ ಅಂತ ಅರ್ಥ. ಅಜ್ಜ ಒಪ್ಪಿದರೆ ತಳದಿಂದ ಎರಡು ಮೂರು ಸ್ಕ್ರೂ ಬಿಚ್ಚಿ ನೋಡಿ. ತಲೆ ಚೆನ್ನಾಗಿದ್ದು ಕುತ್ತಿಗೆ ಸಣ್ಣಗಾಗಿದ್ದರೆ, ಅಥವಾ ಹಿತ್ತಾಳೆಯದಾಗಿದ್ದು ಬಣ್ಣ ಕೆಂಪಾಗಿ ಕೈಯಲ್ಲೇ ಮುರಿದರೆ, ಸತು ಕರಗಿ ಹೋಗಿದೆ. ಅಂಥ ತಳವನ್ನು ನಂಬಿ ನೀರಿಗೆ ಇಳಿಯಬೇಡಿ. ಹೊಸದಾಗಿ ಹಾಕುವಾಗ ಸಿಲಿಕಾನ್ ಬ್ರಾಂಜ್ ಸ್ಕ್ರೂನೇ ಹಾಕಿ, ಇದರಲ್ಲಿ ಉಳಿತಾಯ ಬೇಡ.

ಕೊನೆಗೆ ನೆಟ್ಟಗಿರುವ ಉದ್ದನೆಯ ಪಟ್ಟಿ ಒಂದನ್ನು ತಳದ ಹಿಂಭಾಗಕ್ಕೆ ಹಿಡಿದು ನೋಡಿ. ಟ್ರೇಲರಿನ ಆಧಾರ ಸರಿಯಿಲ್ಲದೆ ವರ್ಷಗಟ್ಟಲೆ ನಿಂತ ಬೋಟಿನ ತಳ ಬಾಗಿರುತ್ತೆ. ಹಿಂಭಾಗ ಒಳಕ್ಕೆ ಗುಳಿ ಬಿದ್ದಿದ್ದರೆ ವೇಗದಲ್ಲಿ ಮೂಗು ಕೆಳಗೆ ಒತ್ತುತ್ತೆ. ಓಡಿಸೋದು ಅಪಾಯ.

ಎಂಜಿನ್ ವಿಷಯ. ಕೆ ಅಂದರೆ 95 ಅಶ್ವಶಕ್ತಿಯ ಫ್ಲ್ಯಾಟ್‌ಹೆಡ್ (ವಾಲ್ವ್‌ಗಳು ಬ್ಲಾಕಿನಲ್ಲೇ ಇರುವ ಹಳೇ ಬಗೆ), ಹರ್ಕ್ಯುಲಿಸ್ ಕಂಪನಿಯ ಬ್ಲಾಕಿನ ಮೇಲೆ ಕಟ್ಟಿದ್ದು. ಗಟ್ಟಿಮುಟ್ಟಾದ ಎಂಜಿನ್, ಬಿಡಿಭಾಗ ಇವತ್ತಿಗೂ ಸಿಗುತ್ತೆ. ಆದರೆ ಬ್ಯಾಟರಿ ಕೊಟ್ಟು ಕೀಲಿ ತಿರುಗಿಸಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಲಿಂಡರಿಗೆ ತೆಳು ಎಣ್ಣೆ ಹಾಕಿ ಕೆಲವು ದಿನ ಬಿಡಿ, ಆಮೇಲೆ ಕೈಯಿಂದ ತಿರುಗಿಸಿ, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯಿರಿ. ಇದು ಕೆರೆ ನೀರನ್ನೇ ಎಳೆದು ತಣ್ಣಗಾಗುವ ಎಂಜಿನ್. ಒಂದೇ ಒಂದು ಚಳಿಗಾಲ ನೀರು ಖಾಲಿ ಮಾಡದೆ ಬಿಟ್ಟಿದ್ದರೂ ಒಳಗೆ ಹೆಪ್ಪುಗಟ್ಟಿ ಬ್ಲಾಕ್ ಸೀಳಿರುತ್ತೆ. ಪಕ್ಕದಲ್ಲಿ ಸಣ್ಣ ಬಿರುಕು, ತೇಪೆ, ವೆಲ್ಡಿಂಗ್ ಗುರುತು ಹುಡುಕಿ. ಎಣ್ಣೆ ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ.

ಪೆಟ್ರೋಲಿನ ಬಗ್ಗೆ ನಾನು ಸ್ವಲ್ಪ ಜೋರಾಗಿಯೇ ಹೇಳ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಕಾರಿನಲ್ಲಿ ಸೋರಿದರೆ ರಸ್ತೆಗೆ ಹೋಗುತ್ತೆ, ಬೋಟಿನಲ್ಲಿ ತಳದಲ್ಲೇ ಕೂರುತ್ತೆ. ಒಂದು ಕಿಡಿ ಸಾಕು. ಹಾಗಾಗಿ ಅಗ್ಗಕ್ಕೆ ಸಿಗುತ್ತೆ ಅಂತ ಕಾರಿನ ಸ್ಟಾರ್ಟರ್, ಕಾರಿನ ಕಾರ್ಬ್ಯುರೇಟರ್ ಹಾಕಲೇಬೇಡಿ. ಬೋಟಿನವು ಕಿಡಿ, ಸೋರಿಕೆ ಹೊರಗೆ ಬರದಂತೆ ಮಾಡಿದವು. ಕಾರ್ಬ್ಯುರೇಟರ್ ಬಾಯಿಗೆ ಫ್ಲೇಮ್ ಅರೆಸ್ಟರ್ (ಬೆಂಕಿ ಹೊರಗೆ ನುಗ್ಗದಂತೆ ತಡೆಯುವ ಜಾಲರಿ) ಇರಲೇಬೇಕು. ಹಳೇ ಪೈಪುಗಳು ಈಗಿನ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಕರಗುತ್ತವೆ, ಎಲ್ಲವನ್ನೂ ಬದಲಾಯಿಸಿ. ಗಾಳಿ ಎಳೆಯುವ ಬ್ಲೋವರ್ ಕಡ್ಡಾಯ ಆಗಿದ್ದು 1980ರ ಜುಲೈ 31ರ ನಂತರ ಕಟ್ಟಿದ ಬೋಟುಗಳಿಗೆ. ನಿಮ್ಮದಕ್ಕೆ ಗಾಳಿ ಕೊಳವೆ ಇದ್ದರೆ ಕಾನೂನಿಗೆ ಸಾಕು. ಆದರೂ ಬ್ಲೋವರ್ ಹಾಕಿಸಿ. ಸ್ಟಾರ್ಟ್ ಮಾಡುವ ಮುಂಚೆ 4 ನಿಮಿಷ ಓಡಿಸಿ, ಎಂಜಿನ್ ಪೆಟ್ಟಿಗೆ ಎತ್ತಿ ಮೂಗಿನಿಂದ ವಾಸನೆ ನೋಡಿ. ನನ್ನ ಗಿರಾಕಿಗಳಿಗೆಲ್ಲ ಇದನ್ನು ಒತ್ತಿ ಹೇಳಿಯೇ ಬೋಟ್ ಕೊಡ್ತೇನೆ.

ಕಾಗದಪತ್ರ ಸುಲಭ. ಮಿಷಿಗನ್‌ನಲ್ಲಿ ಎಂಜಿನ್ ಒಳಗೇ ಕೂರಿಸಿದ ಬೋಟಿಗೆ ಟೈಟಲ್ (ಮಾಲೀಕತ್ವದ ಪತ್ರ) ಬೇಕು, ಅಜ್ಜನ ಹೆಸರಲ್ಲಿ ಇದೆಯಾ ಕೇಳಿ. ಬೋಟಿನ ಹಲ್ (ಒಡಲು) ನಂಬರ್ ಬರೆದುಕೊಳ್ಳಿ, ಎಂಜಿನ್ ನಂಬರ್ ಬೇರೆ ಇರುತ್ತೆ. ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿ ಮ್ಯಾರಿನರ್ಸ್ ಮ್ಯೂಸಿಯಂ ಇದೆ. ಕ್ರಿಸ್‌ಕ್ರಾಫ್ಟ್ ಕಂಪನಿಯ ಹಳೇ ದಾಖಲೆಗಳೆಲ್ಲ ಅಲ್ಲಿವೆ. ಹಲ್ ನಂಬರ್ ಕೊಟ್ಟರೆ ಶುಲ್ಕ ತಗೊಂಡು ಆ ಬೋಟಿನ ಬಗ್ಗೆ ಕಾರ್ಖಾನೆಯವರು ಬರೆದಿಟ್ಟ ಕಾರ್ಡಿನ ಪ್ರತಿ ಕಳಿಸುತ್ತಾರೆ. ಕಾರ್ಖಾನೆಯಿಂದ ಹೊರಟಾಗ ಯಾವ ಎಂಜಿನ್ ಇತ್ತು, ಎಲ್ಲಿಗೆ ಹೋಯ್ತು ಅಂತ ಅದರಲ್ಲಿ ಸಿಗುತ್ತೆ. ನಿಮ್ಮದೇ ರಾಜ್ಯದ ಬೋಟ್ ಇದು ಸರ್. ಕಂಪನಿ ಹುಟ್ಟಿದ್ದು ಸೇಂಟ್ ಕ್ಲೇರ್ ನದಿ ದಂಡೆಯ ಅಲ್ಗೊನಾಕ್‌ನಲ್ಲಿ.

ಅದೇ ಸದಸ್ಯರು:

ತುಂಬಾ ಥ್ಯಾಂಕ್ಸ್ ಸರ್. ಇವತ್ತು ಹೋಗಿ ನೋಡಿದೆ. ಪಕ್ಕದ ಹಲಗೆ, ಮೇಲ್ಭಾಗ ಎಲ್ಲ ಗಟ್ಟಿ. ಬ್ಲಾಕಿನಲ್ಲಿ ಬಿರುಕು ಕಾಣಲಿಲ್ಲ. ತಳದ ಸ್ಕ್ರೂ ಮೂರು ಬಿಚ್ಚಿದೆ, ಎರಡು ಅರ್ಧಕ್ಕೇ ಮುರಿದವು. ಹಿಂದಿನ ಮೂಲೆ ಮೆತ್ತಗಿದೆ. ಬಿಟ್ಟುಬಿಡಲಾ? ಯೂಟ್ಯೂಬಿನಲ್ಲಿ ಒಬ್ಬರು ತಳಕ್ಕೆ ಮೇಲಿನಿಂದಲೇ ಫೈಬರ್‌ಗ್ಲಾಸ್ ಹಾಕಿ ಮುಗಿಸಿದರು.

ಉತ್ತರ:

ಬಿಡಬೇಡಿ. ಆದರೆ ತಳ ಇಲ್ಲದ ಬೋಟಿನ ಬೆಲೆ ಕೊಡಿ. ಮರದ ಬೋಟ್ ಗೊತ್ತಿರುವ ಸರ್ವೇಯರ್ (ಬೋಟ್ ಪರೀಕ್ಷಿಸಿ ವರದಿ ಕೊಡುವವರು) ಒಬ್ಬರಿಂದ ವರದಿ ಬರೆಸಿ ಅಜ್ಜನಿಗೆ ತೋರಿಸಿ, ಚೌಕಾಸಿ ಮಾಡುವ ಕಷ್ಟ ಇರಲ್ಲ. ಮೀಟರ್, ಸ್ಟೀರಿಂಗ್, ಕ್ರೋಮ್ ಸಾಮಾನು ಎಲ್ಲ ಇದೆಯಾ ಎಣಿಸಿ. ಮರ ಎಲ್ಲಿ ಬೇಕಾದರೂ ಸಿಗುತ್ತೆ, ಆ ವರ್ಷದ ಕ್ರೋಮ್ ಸಾಮಾನು ಹುಡುಕೋದು ಬಹಳ ಕಷ್ಟ.

ಫೈಬರ್‌ಗ್ಲಾಸ್ ಮಾತ್ರ ಬೇಡ ಮಾರಾಯ್ರೇ. ಮಳೆಗಾಲಕ್ಕೆ ನಮ್ಮೂರ ಮನೆ ಬಾಗಿಲು ಬಿಗಿದುಕೊಂಡು ಬೇಸಿಗೆಗೆ ಸಡಿಲ ಆಗುತ್ತಲ್ಲ, ಹಲಗೆಯೂ ಹಾಗೇ ಉಬ್ಬಿ ಇಳಿಯುತ್ತೆ. ಫೈಬರ್‌ಗ್ಲಾಸ್ ಹಾಗೆ ಅಲ್ಲಾಡಲ್ಲ. ಒಂದು ಕಡೆ ಬಿಟ್ಟುಕೊಂಡರೆ ಸಾಕು, ನೀರು ಒಳಗೆ ಸೇರಿ ಹೊರಗೆ ಬರೋಕೆ ದಾರಿ ಇಲ್ಲದೆ ಮರ ಪೂರ್ತಿ ಕೊಳೆಯುತ್ತೆ. ಕೊಳೆತ ಮರಕ್ಕೆ ಮುಚ್ಚಳ ಹಾಕಿದ ಹಾಗೆ ಅಷ್ಟೇ.

ನಿಮಗೆ ಎರಡು ದಾರಿ ಇವೆ. ಕಾರ್ಖಾನೆಯವರು ಕಟ್ಟಿದ ಹಾಗೇ ಬಟ್ಟೆ ಹಾಕಿ ಕಟ್ಟೋದು ಒಂದು. ಹೀಗೆ ಕಟ್ಟಿದ್ದನ್ನು ಪ್ರತಿ ವರ್ಷ ನೀರಿನಲ್ಲಿ ನೆನೆಯಲು ಬಿಡಬೇಕು, ಹಲಗೆ ಉಬ್ಬಿ ಸಂದು ಮುಚ್ಚಿಕೊಂಡ ಮೇಲೆ ಓಡಿಸಬೇಕು. ಇನ್ನೊಂದು, ಬಟ್ಟೆಯ ಬದಲು ಎರಡು ಪದರದ ನಡುವೆ 3ಎಂ ಕಂಪನಿಯ 5200 ಅನ್ನೋ ರಬ್ಬರಿನಂಥ ಅಂಟು ತುಂಬೋದು. ಮರ ಅಲ್ಲಾಡಿದರೆ ಇದೂ ಜೊತೆಗೆ ಹಿಗ್ಗುತ್ತೆ, ನೆನೆಸುವ ಅಗತ್ಯ ಇಲ್ಲ. ನಿಮ್ಮ ಬೋಟ್ ಟ್ರೇಲರ್ ಮೇಲೆ ಒಣಗಿ, ವಾರದ ಕೊನೆಗೆ ಮಾತ್ರ ನೀರಿಗೆ ಇಳಿಯೋದು. ನಿಮಗೆ ನನ್ನ ಸಲಹೆ 5200. ಮೂಲದಂತೆ ಇರಬೇಕು ಅನ್ನುವವರ ಮೇಲೆ ನನಗೆ ಗೌರವ ಇದೆ, ಆದರೆ ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಕೆಲಸ ಶುರು ಮಾಡುವಾಗ ಬೋಟನ್ನು ಸಮತಟ್ಟಾಗಿ ಕೂರಿಸಿ, ಒಳಗಿನಿಂದ ಅಡ್ಡಪಟ್ಟಿ ಹೊಡೆದು ಆಕಾರ ಬಿಗಿದಿಡಿ. ಆಮೇಲೇ ತಳ ಬಿಚ್ಚಿ. ಚೌಕಟ್ಟನ್ನು ಒಂದು ಬಿಟ್ಟು ಒಂದರಂತೆ ಬದಲಾಯಿಸಿ. ಎಲ್ಲವನ್ನೂ ಒಟ್ಟಿಗೆ ತೆಗೆದರೆ ಆಕಾರ ಹೋಗುತ್ತೆ, ಮತ್ತೆ ಬರಲ್ಲ. ಹಳೇ ಹಲಗೆ ಎಷ್ಟೇ ಕೊಳೆತಿದ್ದರೂ ಎಸೆಯಬೇಡಿ, ಹೊಸದನ್ನು ಕೊಯ್ಯೋಕೆ ಅದೇ ಅಳತೆ.

ಕಲಿಯೋಕೆ ಜಾಗ ನಿಮ್ಮ ರಾಜ್ಯದಲ್ಲೇ ಇದೆ. ಸೀಡರ್‌ವಿಲ್‌ನಲ್ಲಿ ಗ್ರೇಟ್ ಲೇಕ್ಸ್ ಬೋಟ್ ಬಿಲ್ಡಿಂಗ್ ಸ್ಕೂಲ್ ಇದೆ. ಅದರ ಪಕ್ಕದ ಹೆಸೆಲ್‌ನಲ್ಲಿ ಆಗಸ್ಟ್‌ನಲ್ಲಿ ಹಳೇ ಮರದ ಬೋಟುಗಳ ಮೇಳ ನಡೆಯುತ್ತೆ, ಮನೆಮಂದಿಯನ್ನೂ ಕರೆದುಕೊಂಡು ಹೋಗಿ. ಆ್ಯಂಟಿಕ್ ಆ್ಯಂಡ್ ಕ್ಲಾಸಿಕ್ ಬೋಟ್ ಸೊಸೈಟಿಗೆ ಸದಸ್ಯರಾಗಿ. ಅವರ ಲೆಕ್ಕದಲ್ಲಿ 1943ರಿಂದ 1975ರವರೆಗಿನದು ಕ್ಲಾಸಿಕ್, ನಿಮ್ಮದು ಅದರಲ್ಲಿ ಬರುತ್ತೆ. ನಿಮ್ಮ ಹಾಗೇ ತಳ ಬಿಚ್ಚಿ ಕೂತವರು ಅಲ್ಲಿ ತುಂಬಾ ಜನ ಸಿಗುತ್ತಾರೆ.

ಪ್ರಶ್ನೆ (ಕುಂದಾಪುರ):

ಅಣ್ಣ, ನಮ್ಮಲ್ಲಿ ದೋಣಿ ಅಂದರೆ ಸಾಗವಾನಿ ಅಂತಾರೆ. ಅಲ್ಲಿ ಯಾಕೆ ಹಾಕಲ್ಲ?

ಉತ್ತರ:

ಸಾಗವಾನಿಗೆ ಸಾಟಿ ಇಲ್ಲ, ಒಪ್ಪಿದೆ ತಮ್ಮ. ಆದರೆ ಅದರಲ್ಲಿ ಎಣ್ಣೆ ಜಾಸ್ತಿ, ಅಂಟು ಕೂರೋದು ಕಷ್ಟ. ಬಣ್ಣವೂ ಪಕ್ಕದ ಹಲಗೆಗೆ ಹೊಂದಲ್ಲ. ಕ್ರಿಸ್‌ಕ್ರಾಫ್ಟ್‌ನವರು ಹೆಚ್ಚಾಗಿ ಫಿಲಿಪೈನ್ ಮಹಾಗನಿ ಬಳಸಿದರು. ಈಗ ಅದರ ಜಾಗಕ್ಕೆ ಆಫ್ರಿಕನ್ ಮಹಾಗನಿ ಹಾಕುವವರು ತುಂಬಾ ಜನ.

ಚೌಕಟ್ಟಿನ ಮರದಲ್ಲಿ ಮಾತ್ರ ಹುಷಾರಾಗಿರಬೇಕು. ಅಂಗಡಿಯಲ್ಲಿ ಓಕ್ ಅಂತ ಕೇಳಿದರೆ ಕೆಂಪು ಓಕ್ ಕೊಡ್ತಾರೆ, ಬೇಕಾಗಿರೋದು ಬಿಳಿ ಓಕ್. ಕೆಂಪು ಓಕಿನ ಸಣ್ಣ ತುಂಡೊಂದರ ತುದಿಯನ್ನು ನೀರಲ್ಲಿ ಅದ್ದಿ, ಇನ್ನೊಂದು ತುದಿಗೆ ಬಾಯಿ ಹಾಕಿ ಊದಿ. ನೀರಲ್ಲಿ ಗುಳ್ಳೆ ಏಳುತ್ತೆ, ಅಷ್ಟು ತೆರೆದ ರಂಧ್ರ ಅದರಲ್ಲಿ. ಬಿಳಿ ಓಕಿನಲ್ಲಿ ಆ ರಂಧ್ರಗಳು ತಾವೇ ಮುಚ್ಚಿಕೊಂಡಿರುತ್ತವೆ. ಕಟ್ಟುವ ಮುಂಚೆ ಪ್ರತಿ ತುಂಡನ್ನೂ ಹೀಗೆ ಊದಿ ನೋಡಬಹುದು.

ಪ್ರಶ್ನೆ (ಟೊರೊಂಟೊ):

ಸರ್, ನಮ್ಮ ಮನೆಯವರು ಇಲ್ಲಿನ ಮಸ್ಕೋಕಾ ಕೆರೆಗಳ ಕಡೆಯಿಂದ ಗ್ರೀವೆಟ್ ಕಂಪನಿಯ ಒಂದು ಹಳೇ ಮರದ ಬೋಟ್ ತಂದಿದ್ದಾರೆ. ತಳ ಈಗಾಗಲೇ ಹೊಸದು. ವಾರ್ನಿಷ್ ಮಾತ್ರ ನಾನೇ ಮಾಡಬೇಕು ಅಂತ ಆಸೆ. ಗ್ಯಾರೇಜಿನಲ್ಲಿ ಆಗುತ್ತಾ?

ಉತ್ತರ:

ಖಂಡಿತ ಆಗುತ್ತೆ ಮೇಡಂ. ತಾಳ್ಮೆ ಇರುವವರ ಕೈಯಲ್ಲಿ ವಾರ್ನಿಷ್ ಚೆನ್ನಾಗಿ ಬರುತ್ತೆ.

ಮೊದಲು ಸುರಕ್ಷತೆ. ಒಳಗಿನ ತಳಕ್ಕೆ ಹಳೇ ಕೆಂಪು ಬಣ್ಣ ಉಳಿದಿದ್ದರೆ ಅದರಲ್ಲಿ ಸೀಸ ಇರಬಹುದು. ಪರೀಕ್ಷೆ ಮಾಡದೆ ಉಜ್ಜಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಬಟ್ಟೆಯ ಮಾಸ್ಕ್ ಸಾಲದು, ಫಿಲ್ಟರ್ ಇರುವುದೇ ಬೇಕು.

ಹಳೇ ವಾರ್ನಿಷನ್ನು ಹರಿತವಾದ ಸ್ಕ್ರೇಪರಿನಿಂದ ಮರದ ಎಳೆಯ ದಿಕ್ಕಿನಲ್ಲೇ ಎಳೆದು ತೆಗೆಯಿರಿ. ಮಷೀನ್ ಸ್ಯಾಂಡರ್ ಬೇಗ ಕೆಲಸ ಮಾಡುತ್ತೆ, ಆದರೆ ಹಲಗೆಯಲ್ಲಿ ಹಳ್ಳ ಮಾಡುತ್ತೆ. ಮೇಲೆ ಹೊಳಪು ಬಂದ ಮೇಲೆ ಆ ಹಳ್ಳ ಎದ್ದು ಕಾಣುತ್ತೆ. ಆಮೇಲೆ ಫಿಲ್ಲರ್ ಸ್ಟೇನ್, ಅಂದರೆ ಮರದ ರಂಧ್ರ ತುಂಬಿ ಬಣ್ಣವನ್ನೂ ಕೊಡುವ ಗಟ್ಟಿ ದ್ರವ. ಬಟ್ಟೆಯಿಂದ ಎಳೆಗೆ ಅಡ್ಡಲಾಗಿ ಉಜ್ಜಿ ರಂಧ್ರ ತುಂಬಿಸಬೇಕು, ಒಣಗುವ ಮುಂಚೆ ಹೆಚ್ಚಿನದನ್ನು ಒರೆಸಿ ತೆಗೆಯಬೇಕು. ಒಂದೊಂದೇ ಸಣ್ಣ ಭಾಗ ಮಾಡಿ. ಪೂರ್ತಿ ಒಣಗದೆ ವಾರ್ನಿಷ್ ಹಚ್ಚಿದರೆ ಆಮೇಲೆ ಮಂಕಾಗಿ ಸುಲಿಯುತ್ತೆ.

ವಾರ್ನಿಷ್ ಮೊದಲ ಕೋಟು ತೆಳು ಮಾಡಿ ಹಚ್ಚಿ, ಮರ ಹೀರಿಕೊಳ್ಳಲಿ. ಆಮೇಲೆ ಒಂದೊಂದಾಗಿ 10–12 ಕೋಟು. ನಡುನಡುವೆ 220, ಕೊನೆಕೊನೆಗೆ 320 ನಂಬರ್ ಸ್ಯಾಂಡ್‌ಪೇಪರಿನಿಂದ ಮೆಲ್ಲಗೆ ಉಜ್ಜಿ. ಇಷ್ಟು ಕೋಟು ಬರೀ ಅಂದಕ್ಕೆ ಅಲ್ಲ, ಬಿಸಿಲಿನಿಂದ ಮರವನ್ನು ಕಾಪಾಡೋದು ಅದೇ. ಹಚ್ಚುವ ದಿನ ಗ್ಯಾರೇಜ್ ಗುಡಿಸಬೇಡಿ, ಹಿಂದಿನ ದಿನವೇ ಗುಡಿಸಿ ನೆಲಕ್ಕೆ ನೀರು ಚಿಮುಕಿಸಿ. ಆಮೇಲೆ ಪ್ರತಿ ವರ್ಷ ಒಂದೆರಡು ಕೋಟು ಹಚ್ಚುತ್ತಿದ್ದರೆ ಮತ್ತೆ ಪೂರ್ತಿ ಕೆರೆಯುವ ಕೆಲಸ ಬರಲ್ಲ.

ನಿಮ್ಮದು ಕೆನಡಾದಲ್ಲೇ ಕಟ್ಟಿದ ಬೋಟ್, ಹಾಗಾಗಿ ಮೇಲೆ ಹೇಳಿದ ವರ್ಜೀನಿಯಾದ ಮ್ಯೂಸಿಯಂನಲ್ಲಿ ಅದರ ಕಾರ್ಡ್ ಸಿಗಲ್ಲ. ಗ್ರೇವನ್‌ಹರ್ಸ್ಟ್‌ನ ಮಸ್ಕೋಕಾ ಡಿಸ್ಕವರಿ ಸೆಂಟರಿಗೆ ಒಮ್ಮೆ ಹೋಗಿ. ಗ್ರೀವೆಟ್, ಡಿಚ್‌ಬರ್ನ್‌ನಂಥ ಆ ಕಡೆಯ ಬೋಟುಗಳು ನೀರಲ್ಲೇ ನಿಂತಿರುತ್ತವೆ. ಬಣ್ಣ ಹೊಂದಿಸೋಕೆ ಫೋಟೋಗಿಂತ ಕಣ್ಣಾರೆ ನೋಡೋದು ಮೇಲು.

ಮೊದಲ ಸದಸ್ಯರು:

ಸರ್, ಕೊಂಡೆವು! ಚಳಿಗಾಲದಲ್ಲಿ ತಳದ ಕೆಲಸ. ಮೊದಲ ಸಲ ನೀರಿಗೆ ಇಳಿಸುವಾಗ ಏನು ಗಮನಿಸಬೇಕು? ಇನ್ಶೂರೆನ್ಸ್ ಹೇಗೆ?

ಉತ್ತರ:

ಶುಭಾಶಯ ಸರ್! ಇನ್ಶೂರೆನ್ಸ್ ಈಗಲೇ ಮಾಡಿಸಿ, ಶೆಡ್ಡಿನಲ್ಲಿದ್ದಾಗಲೂ ಬೆಂಕಿಯ ಭಯ ಇರುತ್ತೆ. ಮಾಮೂಲಿ ಪಾಲಿಸಿ ಹಳೇ ಬೋಟಿಗೆ ಸವಕಳಿ ಕಳೆದು ದುಡ್ಡು ಕೊಡುತ್ತೆ. ಮೊದಲೇ ಒಪ್ಪಿದ ಮೊತ್ತ ಕೊಡುವ ಪಾಲಿಸಿ ಕೇಳಿ. ಟ್ರಾವರ್ಸ್ ಸಿಟಿಯ ಹ್ಯಾಗರ್ಟಿ ಕಂಪನಿ 1984ರಲ್ಲಿ ಶುರುವಾಗಿದ್ದೇ ಇಂಥ ಮರದ ಬೋಟುಗಳ ಇನ್ಶೂರೆನ್ಸಿನಿಂದ. ಬೇರೆಯವರೂ ಇದ್ದಾರೆ, ಹೋಲಿಸಿ ನೋಡಿ.

ಮೊದಲ ದಿನ ಓಡಿಸುವ ಆಸೆ ಇಟ್ಟುಕೊಳ್ಳಬೇಡಿ. ಗಾಳಿ ಇಲ್ಲದ ಬೆಳಿಗ್ಗೆ, ರ‍್ಯಾಂಪಿನಲ್ಲಿ ಟ್ರೇಲರಿಗೆ ಕಟ್ಟಿದ ಹಾಗೇ ನೀರಿಗೆ ಬಿಡಿ. ತಳ ಹೊಸದಾದರೂ ಪಕ್ಕದ ಹಲಗೆಗಳು ವರ್ಷಗಟ್ಟಲೆ ಒಣಗಿವೆ, ಆ ಸಂದುಗಳಲ್ಲಿ ನೀರು ಜಿನುಗುತ್ತೆ. ಬ್ಯಾಟರಿ ತುಂಬಿರಲಿ, ನೀರು ಹೊರಹಾಕುವ ಪಂಪ್ ಒಂದರ ಬದಲು ಎರಡು ಇರಲಿ. ಪ್ರೊಪೆಲ್ಲರ್ ದಂಡ ಹೊರಗೆ ಹೋಗುವ ಜಾಗದಲ್ಲಿ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಆಗೊಮ್ಮೆ ಈಗೊಮ್ಮೆ ಹನಿ ಬಿದ್ದರೆ ಸರಿ, ಧಾರೆಯಾಗಿ ಬಂದರೆ ನಟ್ ಸ್ವಲ್ಪ ಬಿಗಿ ಮಾಡಿ. ಜಿನುಗೋದು ಗಂಟೆಯಿಂದ ಗಂಟೆಗೆ ಕಡಿಮೆ ಆಗಬೇಕು. ಜಾಸ್ತಿ ಆದರೆ ಟ್ರೇಲರ್ ಹೊರಗೆ ಎಳೆದು ನನಗೆ ಮೆಸೇಜ್ ಮಾಡಿ, ಸಂದಿನ ಫೋಟೋ ಹತ್ತಿರದಿಂದ ತೆಗೆದು ಕಳಿಸಿ.